ಅರ್ಬಿಗೆ ಹೋದ ವರರು

1979ರ ಜನವರಿಯ ಒಂದು ಭಾನುವಾರ ನನ್ನ ಅಕ್ಕನನ್ನು ನೋಡಲು ಪುತ್ತೂರು ಕಡೆಯ ಸವಣೂರಿನಿಂದ ನಮ್ಮೂರು ಮರ್ಕಂಜಕ್ಕೆ ಬಂದ ವರ, ಅಕ್ಕನಿಗಿಂತ ಮೊದಲು ಒಂದು ಜಲಪಾತವನ್ನು ನೋಡಿದ. ತೋರಿಸಿದವರು ನನ್ನ ಸೋದರಮಾವ. ಅಕ್ಕ ಸೀರೆಯುಟ್ಟು ಒಳಗೆ ಕಾಯುತ್ತಿದ್ದಳು, ಗೋಳಿಬಜೆ ಬಾಣಲೆಯಲ್ಲಿತ್ತು, ವರ ಗುಡ್ಡೆಯಲ್ಲಿದ್ದ.

ನೀರು ಮೇಲಿನಿಂದ ಕೆಳಗೆ ಬೀಳುವುದನ್ನು ಕಂಡು ಮಾವನಷ್ಟು ಆಶ್ಚರ್ಯಪಟ್ಟ ಮನುಷ್ಯ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂಬುದು ನಮ್ಮ ಮನೆಯವರ ಒಮ್ಮತದ ಅಭಿಪ್ರಾಯ. ನಮ್ಮಲ್ಲಿ ಜಲಪಾತಕ್ಕೆ ಅರ್ಬಿ ಎನ್ನುತ್ತಾರೆ. ಸುಳ್ಯ, ಪುತ್ತೂರು, ಕಡಬದ ಸುತ್ತ ಎಲ್ಲೆಲ್ಲಿ ಅರ್ಬಿ ಉಂಟು, ಯಾವ ಕಾಡಿನೊಳಗೆ ಬೇಸಗೆಯಲ್ಲೂ ಬತ್ತದ ಕೆರೆ ಉಂಟು, ಯಾವ ಪಾದೆಕಲ್ಲಿನ ಮೇಲೆ ನಿಂತರೆ ಯಾವ ಊರಿನವರೆಗೆ ಕಾಣುತ್ತದೆ, ಎಲ್ಲವೂ ಮಾವನಿಗೆ ಬಾಯಿಪಾಠ. ಆ ಕಾಲದಲ್ಲಿ ಇವನ್ನೆಲ್ಲ ನೋಡಲಿಕ್ಕೆಂದೇ ಹೋಗುವವರು ಯಾರಿದ್ದರು? ಊರಿನವರು ಅವರನ್ನು ದಾರಿಯಲ್ಲಿ ನಿಲ್ಲಿಸಿ ವಿಚಾರಿಸುತ್ತಿದ್ದರು.

“ಅಲ್ಲಿ ದೇವಸ್ಥಾನ ಉಂಟಾ?”

“ಇಲ್ಲ.”

“ನೆಂಟರ ಮನೆ?”

“ಇಲ್ಲ ಮಾರಾಯ. ನೀರು ಉಂಟು.”

“ನೀರು ನಿಮ್ಮ ಬಾವಿಯಲ್ಲೂ ಉಂಟಲ್ಲ?”

ಈ ಪ್ರಶ್ನೆ ಬಂದಾಗ ಮಾವ ಪಂಚೆ ಎತ್ತಿ ಕಟ್ಟಿ ಗುಡ್ಡೆಯ ಕಡೆ ನಡೆಯುತ್ತಿದ್ದರು.

ಒಬ್ಬರೇ ಹೋಗಿ ಬಂದಿದ್ದರೆ ತೊಂದರೆ ಇರಲಿಲ್ಲ. ಮನೆಗೆ ಬಂದವರನ್ನೆಲ್ಲ ಎಬ್ಬಿಸಿಕೊಂಡು ಹೋಗುವುದು ಅವರ ಕ್ರಮ. ಅಡಿಕೆಯ ಕೊಳೆರೋಗ ನೋಡಲು ಬಂದ ಕೃಷಿ ಅಧಿಕಾರಿಯೊಬ್ಬರನ್ನು ಪಾದೆಕಲ್ಲು ಹತ್ತಿಸಿದರು. ಅಲ್ಲಿಂದ ಮಂಗಳೂರಿನ ಸಮುದ್ರ ಕಾಣುತ್ತದೆ ಎಂದು ಮಾವನ ಹೇಳಿಕೆ. ಈ ಹೇಳಿಕೆಯನ್ನು ಬೇರೆ ಯಾವ ಮೂಲದಿಂದಲೂ ಖಚಿತಪಡಿಸಿಕೊಳ್ಳಲು ಸಾಧ್ಯವಾಗಿಲ್ಲ. ಅಧಿಕಾರಿಗಳು ಕೈಯನ್ನು ಹಣೆಗೆ ಅಡ್ಡ ಹಿಡಿದು ತುಂಬಾ ಹೊತ್ತು ನೋಡಿದರು.

“ಬರೀ ಮಂಜು ಕಾಣುತ್ತದಲ್ಲ?”

“ಹೌದು, ಸಮುದ್ರ ಅದರ ಹಿಂದೆ ಉಂಟು” ಎಂದರು ಮಾವ.

ಅಧಿಕಾರಿಗಳ ಕಾಲಿಗೆ ಹತ್ತಿದ ಉಂಬಳಗಳು ರಕ್ತ ಕುಡಿದು ದಪ್ಪಗಾದದ್ದು ಮನೆಗೆ ಬಂದು ಪ್ಯಾಂಟು ಮಡಚಿದಾಗ ಗೊತ್ತಾಯಿತು. ಅವರು ಮತ್ತೆ ನಮ್ಮ ಕಡೆ ಬಂದದ್ದು ಕಂಡವರಿಲ್ಲ. ಕೊಳೆರೋಗ ಮಾತ್ರ ಪ್ರತಿವರ್ಷ ಬಂತು.

ಇಷ್ಟೇ ಆಗಿದ್ದರೆ ಇದೊಂದು ತಮಾಷೆಯ ಮನೆ ಎಂದು ಎಲ್ಲರೂ ನಗಬಹುದಿತ್ತು. ಆದರೆ ಮಾವ ಮನೆಯ ಯಜಮಾನರು. ನಮ್ಮದು ತಾಯಿಯ ಕಡೆಯಿಂದ ನಡೆದು ಬಂದ ಕುಟುಂಬ. ಅಳಿಯಸಂತಾನದ ಕಾನೂನು ಬದಲಾಗಿ ವರ್ಷಗಳಾಗಿದ್ದವು, ಕ್ರಮ ಬದಲಾಗಿರಲಿಲ್ಲ. ಹೆಣ್ಣಿನ ಮದುವೆಗೆ ಅಪ್ಪ ಒಪ್ಪಿದರೂ, ಅಮ್ಮ ಒಪ್ಪಿದರೂ, ಸೋದರಮಾವ ಬಾಯಿ ಬಿಟ್ಟು “ಆಗಬಹುದು” ಎನ್ನದೆ ವೀಳ್ಯದ ತಟ್ಟೆ ಆಚೀಚೆ ಆಗುವಂತಿಲ್ಲ. ಅಕ್ಕನಿಗೆ ಸಣ್ಣವಳಿರುವಾಗ ಜ್ವರ ಬಂದು ಎಡಗಾಲಿನ ಶಕ್ತಿ ಹೋಗಿತ್ತು. ನಡೆಯುತ್ತಿದ್ದಳು, ನಿಧಾನವಾಗಿ, ಕಾಲೆಳೆದುಕೊಂಡು. ಕೇಳಿಕೊಂಡು ಬರುವ ಸಂಬಂಧಗಳೇ ಅಪರೂಪ. ಬಂದವರನ್ನು ಮಾವ ಅರ್ಬಿಗೆ ಕರೆದೊಯ್ಯುತ್ತಿದ್ದರು.

ಸವಣೂರಿನ ವರನ ಜೊತೆ ನಾನೂ ಹೋಗಿದ್ದೆ. ಪುತ್ತೂರಿನ ಕಾಲೇಜಿನಿಂದ ರಜೆಯಲ್ಲಿ ಬಂದಿದ್ದೆ. ಹುಡುಗ ಗಟ್ಟಿಗ. ಹೊಳೆಯುವ ಬೂಟನ್ನು ಕಳಚಿ ಕೈಯಲ್ಲಿ ಹಿಡಿದು, ಕಂಬಳದ ಕೋಣದ ಹಾಗೆ ಗುಡ್ಡೆ ಏರಿದ. ಆಶ್ಚರ್ಯವೆಂದರೆ, ನಮಗೆಲ್ಲ ಏದುಸಿರು ಬರಿಸುವ ಮಾವ ಆ ದಿನ ಹಿಂದೆ ಬಿದ್ದರು. ಪಂಚೆ ಬಿಚ್ಚಿ ಕಟ್ಟಿದರು. ಒಂದು ಮರದ ತೊಗಟೆಯನ್ನು ಪರೀಕ್ಷಿಸಿದರು. ನಾವು ಅರ್ಬಿ ತಲುಪುವಾಗ ವರ ಸ್ನಾನ ಮುಗಿಸಿ ತಲೆ ಒರೆಸುತ್ತಿದ್ದ.

“ಎಂತ ಮಾವ, ಇಷ್ಟು ತಡ?” ಎಂದ.

ಮನೆಗೆ ಬಂದ ಮೇಲೆ ಮಾವ ಅವನಿಗೆ ಗೋಳಿಬಜೆ ಕೊಡಿಸಿದರು. ಒಪ್ಪಿಗೆ ಕೊಡಲಿಲ್ಲ.

ಎರಡನೆಯ ವರ ಪುತ್ತೂರಿನಿಂದ ಜೀಪಿನಲ್ಲಿ ಬಂದ. ಜವಳಿ ವ್ಯಾಪಾರ, ಒಳ್ಳೆಯ ಮನೆತನ. “ಅಲ್ಲಿಯ ತನಕ ಜೀಪು ಹೋಗುದಿಲ್ವಾ?” ಎಂದು ಕೇಳಿದ. ಹೋಗುವುದಿಲ್ಲ ಎಂದಾಗ ಬೇಸರಿಸದೆ ನಡೆದ. ಮಾವ ಅಂದೂ ಕುಂಟುತ್ತಾ ಹಿಂದೆ ಉಳಿದರು. ಅರ್ಧ ದಾರಿಯಲ್ಲಿ ವರ ಎದುರಿನಿಂದಲೇ ಇಳಿದು ಬಂದ.

“ನಾನು ನೋಡಿಯಾಯಿತು ಮಾವ. ನೀವು ಇನ್ನು ಬರುದು ಬೇಡ.”

ಆ ಸಂಜೆ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದರು.

“ಅಣ್ಣ, ನಿಮ್ಮಲ್ಲಿ ಒಂದು ಮಾತು ಕೇಳುದು. ಈ ಹುಡುಗನಲ್ಲಿ ಎಂತ ಕೊರತೆ?”

“ಕೊರತೆ ಇಲ್ಲ.”

“ಮತ್ತೆ?”

“ಬೇಡ.”

“ಇವಳ ಕಾಲು ಹೀಗೆ ಇರುವಾಗ ಬರುದೇ ಅಪರೂಪಕ್ಕೊಂದು. ಅದನ್ನೂ ನೀವು ಗುಡ್ಡೆ ಹತ್ತಿಸಿ ಓಡಿಸ್ತೀರಿ. ಇವಳು ಇಲ್ಲಿಯೇ ಮುದುಕಿ ಆಗ್ಬೇಕಾ?”

ಮಾವ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮಡಚಿ ಬಾಯಿಗಿಟ್ಟರು. ಒಳಗಿನಿಂದ ಅಕ್ಕ ಹೇಳಿದಳು: “ಅಮ್ಮ, ಬಿಡಿ. ಮಾವನಿಗೆ ಬೇಕಾದದ್ದು ಅರ್ಬಿಗೆ ಗಂಡು. ನನಗಲ್ಲ.”

ನಕ್ಕದ್ದು ಅವಳೊಬ್ಬಳೇ. ಆಮೇಲೆ ಒಂದೂವರೆ ವರ್ಷ ಯಾರೂ ಬರಲಿಲ್ಲ. ನಮ್ಮ ಮನೆಯಲ್ಲಿ ಹೆಣ್ಣು ನೋಡಬೇಕಾದರೆ ಮೊದಲು ಕಾಡು ನೋಡಬೇಕು ಎಂಬ ಸುದ್ದಿ ಸುಳ್ಯದ ಬಸ್ಸಿನಲ್ಲಿ ಸಂಚರಿಸುತ್ತಿತ್ತು. ಅಮ್ಮ ಮಾವನ ಜೊತೆ ಮಾತು ಬಿಟ್ಟರು. ಊಟ ಬಡಿಸುತ್ತಿದ್ದರು, “ಇನ್ನು ಸ್ವಲ್ಪ ಹಾಕಲಾ” ಎಂದು ಮಾತ್ರ ಕೇಳುತ್ತಿರಲಿಲ್ಲ.

1980ರ ನವೆಂಬರಿನಲ್ಲಿ ಕಡಬದ ಕಡೆಯಿಂದ ಒಬ್ಬ ಶಾಲಾ ಮೇಷ್ಟ್ರು ಬಂದರು. ತೆಳ್ಳಗಿನ ಆಳು, ದಪ್ಪ ಕನ್ನಡಕ. ಇವರು ಗುಡ್ಡೆಯ ಬುಡವನ್ನಾದರೂ ಮುಟ್ಟುತ್ತಾರಾ ಎಂದು ನನಗೆ ಅನುಮಾನ. ಮಾವ ಎಂದಿನಂತೆ ಹಿಂದೆ ಉಳಿದರು. ಮೇಷ್ಟ್ರು ಮುಂದೆ ಹೋದರು, ತಿರುಗಿ ನೋಡಿದರು, ನಿಂತರು. ಮತ್ತೆ ಹೋದರು, ಮತ್ತೆ ನಿಂತರು. ಅರ್ಬಿಯ ಸದ್ದು ಕೇಳುವಷ್ಟು ಹತ್ತಿರ ಬಂದಾಗ ಮಾವ ಮಂಡಿ ಹಿಡಿದು ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು.

“ನೀವು ಹೋಗಿ ಮೇಷ್ಟ್ರೇ. ಇನ್ನು ಹತ್ತು ಹೆಜ್ಜೆ.”

“ನೀರು ಎಲ್ಲಿಗೆ ಹೋಗ್ತದೆ? ಅಲ್ಲೇ ಇರ್ತದೆ” ಎಂದು ಮೇಷ್ಟ್ರೂ ಪಕ್ಕದಲ್ಲಿ ಕುಳಿತರು. ಮಾವನ ಕಾಲಿಗೆ ಹತ್ತಿದ್ದ ಉಂಬಳವನ್ನು ಮೆಲ್ಲ ಎಳೆದು ತೆಗೆದರು. ಮತ್ತೆ ಇಬ್ಬರೂ ಮಳೆಯ ಬಗ್ಗೆ, ಮಕ್ಕಳು ಶಾಲೆಗೆ ಬಾರದಿರುವ ಬಗ್ಗೆ ಮಾತಾಡಿದರು. ಸ್ವಲ್ಪ ಹೊತ್ತಿನ ಮೇಲೆ ಅರ್ಬಿ ನೋಡದೆಯೇ ಹಿಂತಿರುಗಿದೆವು. ಇಳಿಜಾರಿನಲ್ಲಿ ಮೇಷ್ಟ್ರು ಮಾವನ ಕೈ ಹಿಡಿದುಕೊಂಡಿದ್ದರು. ನಾನು ಕಂಡ ಮಟ್ಟಿಗೆ ಮಾವ ಅದಕ್ಕಿಂತ ಮೊದಲು ಯಾರ ಕೈಯನ್ನೂ ಹಿಡಿದು ಇಳಿದವರಲ್ಲ.

ಅಂಗಳಕ್ಕೆ ಬಂದವರೇ, ಕಾಲು ತೊಳೆಯುವ ಮೊದಲೇ, ಮಾವ ಹೇಳಿದರು: “ನನ್ನ ಕಡೆಯಿಂದ ಆಗಬಹುದು. ಇನ್ನು ಹುಡುಗಿಯನ್ನು ಕೇಳಿ.”

ಅಕ್ಕನೂ ಮೇಷ್ಟ್ರೂ ಜಗಲಿಯ ತುದಿಯಲ್ಲಿ ಸ್ವಲ್ಪ ಮಾತಾಡಿದರು. ಅಕ್ಕ ಒಳಗೆ ಬಂದು “ಆಗಬಹುದು” ಎಂದಳು.

ಕಡಬದವರು ಹೋದ ಮೇಲೆ ಅಮ್ಮ ಒಂದೂವರೆ ವರ್ಷದ ಮೌನ ಮುರಿದರು. “ಅಲ್ಲ ಅಣ್ಣ, ಓಡಿ ಹೋಗಿ ಅರ್ಬಿ ನೋಡಿದವರು ನಿಮಗೆ ಆಗ್ಲಿಲ್ಲ. ಅರ್ಬಿಯನ್ನೇ ಕಾಣದವರು ಆಯ್ತಾ?”

“ಅರ್ಬಿ ತೋರಿಸ್ಲಿಕ್ಕೆ ನಾನು ಕರ್ಕೊಂಡು ಹೋದದ್ದಲ್ಲ ಮಾರಾಯ್ತಿ” ಎಂದರು ಮಾವ. “ಜೊತೆಗಿರುವವರು ನಿಧಾನ ನಡೆದರೆ ಅವ ಎಂತ ಮಾಡ್ತಾನೆ ನೋಡ್ಲಿಕ್ಕೆ.”

ಅಮ್ಮ ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟರು. ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿದಳು: “ಅದನ್ನು ಮೊದಲೇ ಹೇಳಬಹುದಿತ್ತಲ್ಲ ಮಾವ?”

“ಹೇಳಿದ್ರೆ ಎಲ್ಲರೂ ನಿಲ್ತಿದ್ರು.”

ಮದುವೆ ಮರುವರ್ಷ ಆಯಿತು. ಅಕ್ಕ ಕಡಬದ ಕಡೆ ಇದ್ದಾಳೆ, ಒಬ್ಬಳು ಮಗಳು. ಮಾವನ ಮಂಡಿ ಈಗ ನಿಜವಾಗಿಯೂ ನೋಯುತ್ತದೆ, ಗುಡ್ಡೆಗೆ ಹೋಗುವುದು ನಿಂತಿದೆ. 1987ರ ಡಿಸೆಂಬರಿನಲ್ಲಿ ಅಕ್ಕ, ಭಾವ ಊರಿಗೆ ಬಂದಿದ್ದಾಗ, ಮಗಳನ್ನು ಅಮ್ಮನ ಬಳಿ ಬಿಟ್ಟು ಇಬ್ಬರೇ ಅರ್ಬಿ ನೋಡಲು ಹೊರಟರು. ಅಕ್ಕ ಅದನ್ನು ನೋಡಿದ್ದು ಅದೇ ಮೊದಲು. ಬೆಳಗಿನ ತಿಂಡಿಯಾದ ಮೇಲೆ ಹೋದವರು ಅಂಗಳಕ್ಕೆ ಮರಳುವಾಗ ದೀಪ ಹಚ್ಚುವ ಹೊತ್ತು. ಗುಡ್ಡೆಯ ದಾರಿ ನೋಡುತ್ತಾ ಜಗಲಿಯಲ್ಲಿ ಕುಳಿತಿದ್ದ ಮಾವ ಮಧ್ಯಾಹ್ನದ ಊಟಕ್ಕೂ ಎದ್ದಿರಲಿಲ್ಲ. ಅಕ್ಕ ಕೈಕಾಲು ತೊಳೆದು ಬಂದು ಅವರಿಗೆ ಬಡಿಸಿದಳು.