ಕೋಟು ತೊಟ್ಟು ಬಿಜಿಯಾದ ಮಧ್ಯಾಹ್ನ

ಹ್ಯಾಲಿಫ್ಯಾಕ್ಸಿನ ನಮ್ಮ ಗಿರಣಿ ಬೀದಿಯಲ್ಲಿ ‘ಬಿಜಿ’ ಎಂಬ ಮಾತನ್ನು ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ಎಲ್ಲದಕ್ಕೂ ಹಚ್ಚುತ್ತಾರೆ. ರಸ್ತೆಯಲ್ಲಿ ಬಸ್ಸು ಹೆಚ್ಚಾದರೆ ರಸ್ತೆ ಬಿಜಿ. ಗೋಡೆಯ ಕಾಗದದಲ್ಲಿ ಹೂವು ಹೆಚ್ಚಾದರೆ ಗೋಡೆಯೂ ಬಿಜಿ! ಊರಿನ ಗುಟ್ಟನ್ನೆಲ್ಲ ಅಗೆಯುವ ಮಿಸೆಸ್ ಹೆಪ್‌ವರ್ತ್‌ಳ ಮೂಗಂತೂ ವರ್ಷವಿಡೀ ಬಿಜಿ. ಬಿಜಿ ಅಲ್ಲದವಳು ನಾನೊಬ್ಬಳೇ. ಅದಕ್ಕೇ ಚರ್ಚಿನ ಚಹಾ ಕಪ್ಪು ತೊಳೆಯುವುದಕ್ಕೂ ಕಂಡವರ ಗಿಳಿಗೆ ಕಾಳು ಹಾಕುವುದಕ್ಕೂ ‘ಹೆಟ್ಟಿ ಇದ್ದಾಳಲ್ಲ!’

ಆದರೆ ಆ ಗುರುವಾರ ಮೂರು ಗಂಟೆಗೆ ರೇಡಿಯೋದಲ್ಲಿ ನನ್ನ ಧಾರಾವಾಹಿಯ ಕೊನೆಯ ಕಂತು. ನಾಯಕಿ ಕ್ಲಾರಿಸ್ ಡಾಕ್ಟರನ್ನು ಮದುವೆಯಾಗುತ್ತಾಳೋ, ಆ ಕಳ್ಳ ಕ್ಯಾಪ್ಟನನ್ನೋ? ಏಳು ತಿಂಗಳಿಂದ ಕಿವಿ ನೆಟ್ಟು ಕೂತಿದ್ದೆ. ತಿನ್ನುತ್ತ ಕೇಳೋಣವೆಂದು ಹಂದಿಮಾಂಸದ ಕಡುಬನ್ನೂ ಬೇಯಿಸಿಟ್ಟಿದ್ದೆ.

“ಇವತ್ತು ಯಾರೇ ಬರಲಿ, ನಾನು ಬಿಜಿ!” ಎಂದೆ.

“ನೀನಾ?” ನನ್ನ ಗಂಡ ವಿಲ್ಫ್ ಪೇಪರಿನ ಹಿಂದಿನಿಂದಲೇ ನಕ್ಕ. “ಬೆಕ್ಕೂ ನಂಬಲ್ಲ ಕಣೇ.”

ನಮ್ಮ ಕಡೆ ಒಂದು ಹಳೆಯ ಉಪಾಯವಿದೆ. ಬಾಗಿಲು ಬಡಿದೊಡನೆ ಕೋಟು, ಹ್ಯಾಟು ಹಾಕಿಕೊಳ್ಳಬೇಕು. ಬೇಕಾದವರು ಬಂದಿದ್ದರೆ ‘ಈಗಷ್ಟೇ ಬಂದೆ’, ಬೇಡದವರಾದರೆ ‘ಈಗಷ್ಟೇ ಹೊರಟೆ’. ಮೂರಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಬಡಿತ. ರಣರಂಗಕ್ಕೆ ಹೊರಟ ಮಹಾರಾಣಿಯಂತೆ ಸಜ್ಜಾಗಿ ಬಾಗಿಲು ತೆರೆದೆ. ಮಿಸೆಸ್ ಹೆಪ್‌ವರ್ತ್! ಹಿಂದೆ ಅವಳ ತಂಗಿಯರಿಬ್ಬರು.

“ಅಯ್ಯೋ, ಈಗಷ್ಟೇ ಹೊರಟೆ ಕಣ್ರೀ. ಪೇಟೇಲಿ ಕೆಲಸ. ತುಂಬಾ ಬಿಜಿ!”

“ಹೌದಾ! ನಡಿ ಹೆಟ್ಟಿ, ಸ್ಟಾಪಿನವರೆಗೂ ನಾವೂ ಬರ್ತೀವಿ. ಒಬ್ಬಳೇ ಯಾಕೆ ಹೋಗ್ತೀಯಾ?”

ಒಂದು ತೋಳಿಗೆ ಇವಳು, ಇನ್ನೊಂದಕ್ಕೆ ತಂಗಿ. (ಪೊಲೀಸರೂ ಇಷ್ಟು ಪ್ರೀತಿಯಿಂದ ಕರೆದೊಯ್ಯುವುದಿಲ್ಲ.) ಎಂದೂ ಸಮಯಕ್ಕೆ ಬಾರದ ಬಸ್ಸು ಅಂದೇ ಬಂತು. ನನ್ನನ್ನು ಹತ್ತಿಸಿ, ಮೂವರೂ ಕರವಸ್ತ್ರ ಬೀಸಿದರು.

ಮುಂದಿನ ಸ್ಟಾಪಿನಲ್ಲೇ ಇಳಿಯೋಣವೆಂದರೆ ಅದು ಪೇಟೆಯವರೆಗೆ ನಿಲ್ಲದ ಬಸ್ಸು! ಅಲ್ಲಿಂದ ಹಿಂದಿರುಗುವ ಬಸ್ಸಿಗೆ ಕಾದು, ಇಳಿದು, ಹ್ಯಾಟು ಹಿಡಿದುಕೊಂಡು ಓಡಿದೆ. ಏದುಸಿರು ಬಿಡುತ್ತ ಬಾಗಿಲು ನೂಕುವಾಗ ಗಡಿಯಾರ ಮೂರೂಮುಕ್ಕಾಲು. ಒಳಗೆ ನನ್ನ ಕುರ್ಚಿಯಲ್ಲಿ ಮಿಸೆಸ್ ಹೆಪ್‌ವರ್ತ್, ತಂಗಿಯರ ತೊಡೆಯ ಮೇಲೆ ನನ್ನ ತಟ್ಟೆಗಳು, ಎಲ್ಲರ ಕಣ್ಣಲ್ಲೂ ನೀರು!

“ನಿನ್ನ ಹತ್ತಿಸಿ ವಾಪಸ್ ಬರೋವಾಗ ವಿಲ್ಫ್ ಬಾಗಿಲಲ್ಲಿ ನಿಂತಿದ್ದ. ‘ಬನ್ನಿ, ನಾವೇನು ಬಿಜಿ ಇಲ್ಲ’ ಅಂದ. ರೇಡಿಯೋದಲ್ಲಿ ಎಂಥಾ ಕತೆ ಮಾರಾಯ್ತಿ! ನಿನಗೂ ಕಡುಬಿನ ಒಂದು ತುಂಡು ಎತ್ತಿಟ್ಟಿದೀವಿ. ಅಲ್ಲಾ, ಅಂಥಾ ಕೆಲಸ ಏನಿತ್ತು?”

ಕೈಯಲ್ಲಿ ಚೀಲವಿಲ್ಲ, ಸಾಮಾನಿಲ್ಲ. ಆ ಕೈಯನ್ನೇ ಕೆನ್ನೆಗೆ ಒತ್ತಿಕೊಂಡೆ.

“ಹ... ಹಲ್ಲು. ಕೀಳಿಸ್ಕೊಂಡೆ.”

“ಅಯ್ಯೋ ಪಾಪ! ಕೂತ್ಕೋ! ಬಾಯಿ ತೆರೀಬೇಡ!”

“ಆದ್ರೆ ಕ್ಲಾರಿಸ್—”

“ಶ್! ರಕ್ತ ಬಂದೀತು!” ಎಂದು ಕರವಸ್ತ್ರವನ್ನು ನನ್ನ ಬಾಯಿಗೆ ಒತ್ತಿ, ಎತ್ತಿಟ್ಟ ತುಂಡನ್ನು ಕರುಣೆಯಿಂದ ತಾನೇ ತಿಂದು ಮುಗಿಸಿದಳು. ಹೊಸಿಲು ದಾಟುವಾಗ, “ವಿಲ್ಫ್, ಎರಡು ದಿನ ಬರೀ ಗಂಜಿ!” ಎಂದು ಆಜ್ಞೆಯನ್ನೂ ಮಾಡಿದಳು.

ಅವರು ತಿರುವು ದಾಟಿದ್ದೇ ತಡ, ವಿಲ್ಫನ ಕಾಲರು ಹಿಡಿದೆ. “ಹೇಳು! ಡಾಕ್ಟರೋ ಕ್ಯಾಪ್ಟನ್ನೋ?”

ವಿಲ್ಫ್ ತಲೆ ಕೆರೆದುಕೊಂಡ. “ಸಂಗೀತ ಶುರುವಾಗಿದ್ದು ನೆನಪಿದೆ ಕಣೇ. ಆಮೇಲೆ ನಿದ್ದೆ ಬಂತು.”

ಇನ್ನು ಮಿಸೆಸ್ ಹೆಪ್‌ವರ್ತ್‌ಳನ್ನೇ ಕೇಳಬೇಕು. ಅದಕ್ಕೇ ಇವತ್ತು ಬೆಳಗಿನಿಂದ ಕನ್ನಡಿಯ ಮುಂದೆ ನಿಂತು, ಬಾಯೊಳಗೆ ಹತ್ತಿ ತುರುಕಿ ಒಂದು ಕೆನ್ನೆ ಊದಿಸುತ್ತಿದ್ದೇನೆ.