ಮುನ್ನಿಯ ಡಬ್ಬಿಯಲ್ಲಿ ನನ್ನ ಕೆಮ್ಮು

ನಮ್ಮ ಮುನ್ನಿಯ ಎದೆ ಹಸನಾಗಿದೆ. ಇವತ್ತು ಬೆಳಿಗ್ಗೆ ಹಾವೇರಿಯ ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿ, ಇನ್ನು ಇಬ್ಬರೂ ಗುಳಿಗೆ ನಿಲ್ಲಿಸಿರಿ ಎಂದರು. ಮುನ್ನಿ ನನ್ನ ಮೊಮ್ಮಗಳು, ನಾಲ್ಕು ತುಂಬಿದೆ. ಬಸ್ಸು ಬ್ಯಾಡಗಿ ಮುಟ್ಟುವಷ್ಟರಲ್ಲಿ ಈ ಸುದ್ದಿಯನ್ನು ಕಂಡಕ್ಟರಿಗೆ ಹೇಳಿದೆ, ಮುಂದಿನ ಸೀಟಿನವರಿಗೆ ಹೇಳಿದೆ, ಮಗ್ಗುಲಲ್ಲಿ ಕುಳಿತಿದ್ದ ಕರ್ಜಗಿಯ ಮುದುಕಿಗೆ ಎರಡು ಸಲ ಹೇಳಿದೆ. ಆಕೆ ತನ್ನ ಮೊಮ್ಮಕ್ಕಳ ಸುದ್ದಿ ಹೇಳಲು ಬಾಯಿ ತೆಗೆದಳು, ನಾನು ಬಿಡಲಿಲ್ಲ. ಇನ್ನು ಉಳಿದವರು ನೀವು. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಮನೆಯಲ್ಲಿ ನಮ್ಮ ಮಾತು ಉರ್ದು, ಬರೆಯಲು ಬರುವುದು ಕನ್ನಡ. ಎರಡೂ ನನ್ನ ಕೈಯಲ್ಲಿ ನೆಟ್ಟಗೆ ನಡೆಯುವುದಿಲ್ಲ. ಆದರೆ ಖುಷಿ ಉಕ್ಕಿದಾಗ ಮನುಷ್ಯ ಒಂದೋ ಹಾಡುತ್ತಾನೆ, ಇಲ್ಲವೇ ತನ್ನ ತಪ್ಪು ಹೇಳಿಕೊಳ್ಳುತ್ತಾನೆ. ನನಗೆ ಹಾಡು ಬರುವುದಿಲ್ಲ.

ನಮ್ಮೂರಲ್ಲಿ ಕೆಮ್ಮಿಗೆ ಕಿಮ್ಮತ್ತಿಲ್ಲ. ಮೆಣಸಿನಕಾಯಿ ಪೇಟೆ ಭರ್ತಿ ಇರುವ ದಿನಗಳಲ್ಲಿ ಕೆಮ್ಮದವನನ್ನೇ ಜನ ಅನುಮಾನದಿಂದ ನೋಡುತ್ತಾರೆ. ಮದುವೆಯಲ್ಲಿ ಮದುಮಗ ಕೆಮ್ಮುತ್ತಾನೆ, ಮಾಸ್ತರು ಮಗ್ಗಿ ಹೇಳಿಸುತ್ತ ಕೆಮ್ಮುತ್ತಾರೆ, ಹೊಸದಾಗಿ ಬಂದ ಬೀಗರು ಕೆಮ್ಮಿದರೆ ಊರು ಅವರನ್ನು ಒಪ್ಪಿಕೊಂಡಿತು ಅನ್ನುತ್ತೇವೆ. ನಾನಂತೂ ಮೂವತ್ತು ವರ್ಷ ಆ ಪೇಟೆಯಲ್ಲಿ ಚೀಲ ತೂಗಿದವನು. ನನ್ನಾಕೆ ದವಾಖಾನೆಗೆ ತೋರಿಸಿರಿ ಎಂದಾಗಲೆಲ್ಲ, ಇದು ಖಾರದ ಕೆಮ್ಮು, ಡಾಕ್ಟರು ನನ್ನನ್ನು ನೋಡುವ ಮೊದಲು ತಾವೇ ಕೆಮ್ಮುತ್ತಾರೆ ಎಂದು ನಗಿಸಿ ಕಳಿಸುತ್ತಿದ್ದೆ. ಐದಾರು ವರ್ಷ ಹಾಗೆ ನಗಿಸಿದೆ.

ಆಮೇಲೆ ಮುನ್ನಿಗೆ ಕೆಮ್ಮು ಹತ್ತಿತು. ಮೂರು ವರ್ಷದ ಕೂಸು. ಸಂಜೆಯಾದರೆ ಮೈ ಬಿಸಿ, ತಿಂಗಳೊಪ್ಪತ್ತಿನಲ್ಲಿ ಕೈ ಬಳೆ ಮೊಳಕೈವರೆಗೆ ಜಾರಲು ಶುರುವಾಯಿತು. ನನ್ನ ಮಗ ರಫೀಕನ ಮೊದಲನೆಯ ಮಗು, ಗಂಡು, ಹೀಗೆಯೇ ಕೆಮ್ಮಿ ಕೆಮ್ಮಿ ಒಂದೂವರೆ ವರ್ಷಕ್ಕೆ ಹೋಗಿತ್ತು. ಅದಕ್ಕೇ ಮುನ್ನಿ ಒಮ್ಮೆ ಕೆಮ್ಮಿದರೆ ಸೊಸೆ ಜುಬೇದಾ ಕೈಯಲ್ಲಿದ್ದ ಕೆಲಸ ಬಿಟ್ಟು ಎರಡನೆಯದು ಬರುತ್ತದೋ ಎಂದು ನಿಲ್ಲುತ್ತಿದ್ದಳು. ಓಣಿಯ ಕೂಸುಗಳಿಗೆ ಸೂಜಿ ಹಾಕಲು ಬರುವ ನರ್ಸಬಾಯಿ ಒಂದು ದಿನ ಮುನ್ನಿಯ ಬೆನ್ನಿಗೆ ಕಿವಿಯಿಟ್ಟು ಕೇಳಿ, ಮುಚ್ಚಳವಿದ್ದ ಪುಟ್ಟ ಡಬ್ಬಿಯೊಂದನ್ನು ಕೊಟ್ಟಳು. "ಮುಂಜಾನೆ ಎದ್ದ ಕೂಡಲೆ ಕೂಸಿನ ಕಫ ಇದರಾಗ ಹಿಡೀರಿ. ಉಗುಳು ಬ್ಯಾಡ, ಎದಿಯಾಗಿಂದು ಬೇಕು" ಎಂದಳು. ಅದು ಹಾವೇರಿಗೆ ಹೋಗುತ್ತದೆ, ಅಲ್ಲಿ ರೋಗದ ಹುಳ ಇದೆಯೋ ಎಂದು ದುರ್ಬೀನಿನಲ್ಲಿ ನೋಡುತ್ತಾರೆ.

ಮೂರು ವರ್ಷದ ಕೂಸಿಗೆ ಕಫ ಉಗುಳಲು ಬರುವುದಿಲ್ಲ ಎಂಬುದು ನಮಗೆ ಅವತ್ತೇ ತಿಳಿದದ್ದು. ಅದು ಕೆಮ್ಮುತ್ತದೆ, ಗುಳಕ್ಕನೆ ನುಂಗುತ್ತದೆ, ನುಂಗಿದ್ದಕ್ಕೆ ಶಾಭಾಸ್ ಅನ್ನಿ ಎಂಬಂತೆ ನಮ್ಮ ಮುಖ ನೋಡುತ್ತದೆ. ಅಂಗಳದಲ್ಲಿ ಉಗುಳಿದರೆ ಬೈಯುತ್ತಿದ್ದ ಮನೆ ಈಗ ಉಗುಳು ತಾಯಿ, ಉಗುಳು ನನ್ನ ಬಂಗಾರ ಎಂದು ಗೋಗರೆಯಿತು. ನನ್ನಾಕೆ ಬೆನ್ನು ತಟ್ಟಿದಳು, ಜುಬೇದಾ ಡಬ್ಬಿ ಹಿಡಿದಳು, ರಫೀಕ ಅಂಗಡಿ ತೆಗೆಯುವುದು ಬಿಟ್ಟು ಕುಳಿತ. ಕಲಿಸುವ ಕೆಲಸ ನನ್ನದು. ಅವಳನ್ನು ತೊಡೆಯ ಮೇಲೆ ಎದುರಾಗಿ ಕೂರಿಸಿಕೊಂಡು ಖಾಕ್ ಎಂದು ಮಾಡಿ ತೋರಿಸಿದೆ. ಮುನ್ನಿಗೆ ಅದು ಭಾರೀ ಆಟವಾಯಿತು. "ದಾದಾ, ಮತ್ತ ಮಾಡು" ಎಂದಳು. ಹತ್ತು ಸಲ ಮಾಡಿದೆ, ಅವಳ ಮುಖದ ಮುಂದೆಯೇ. ಈ ಮಾತು ಬರೆಯುವಾಗ ಕೈ ಹಿಂದೆ ಬರುತ್ತದೆ, ಆದರೂ ಬರೆಯುತ್ತೇನೆ.

ಎರಡು ಮುಂಜಾನೆ ಬರೀ ಜೊಲ್ಲು ಸಿಕ್ಕಿತು. ನರ್ಸಬಾಯಿ ನೋಡಿ ತಲೆಯಾಡಿಸಿದಳು. ನಾಳೆಯೂ ಆಗದಿದ್ದರೆ ಬರಿ ಹೊಟ್ಟೆಯಲ್ಲಿ ಹಾವೇರಿಗೆ ಕರೆದೊಯ್ಯಬೇಕು, ಮೂಗಿನಿಂದ ಹೊಟ್ಟೆಗೆ ಸಣ್ಣ ಕೊಳವೆ ಇಳಿಸಿ ನುಂಗಿದ್ದನ್ನು ಎಳೆದು ತೆಗೆಯುತ್ತಾರೆ ಎಂದಳು. ಆ ಮೂಗು ಎಷ್ಟಿತ್ತು ಅಂತೀರಿ, ಅದರಲ್ಲಿ ಅವಳ ಕಿರುಬೆರಳೇ ಹೋಗುತ್ತಿರಲಿಲ್ಲ. ಮೂರನೆಯ ಮುಂಜಾನೆ ಜುಬೇದಾ ನೀರಿಗೆ ಹೋಗಿದ್ದಳು. ಕೂಸು ನನ್ನ ತೊಡೆಯ ಮೇಲೆ, ಡಬ್ಬಿ ಖಾಲಿ. ಅಷ್ಟೊತ್ತಿಗೆ ದಿನದ ಪದ್ಧತಿಯಂತೆ ನನ್ನ ಕೆಮ್ಮು ಬಂತು. ನಾನು ವಿಚಾರ ಮಾಡಿದೆ. ನಾಲ್ಕನೇ ಇಯತ್ತೆಯವನು ವಿಚಾರ ಮಾಡಬಾರದು. ನನ್ನದು ಖಾರದ ಕೆಮ್ಮು, ಅದರಲ್ಲಿ ಏನೂ ಇಲ್ಲ. ದುರ್ಬೀನಿನವರು ಏನೂ ಇಲ್ಲ ಅನ್ನುತ್ತಾರೆ, ಕೂಸಿನ ಮೂಗು ಉಳಿಯುತ್ತದೆ. ಡಬ್ಬಿ ತುಂಬಿ ಮುಚ್ಚಳ ಹಾಕಿದೆ. ನರ್ಸಬಾಯಿ ಅದನ್ನು ನೋಡಿ ಹಿಗ್ಗಿ, ಭಾಳ ಛಲೋ ಬಂದಿದೆ, ಯಾರು ಹಿಡಿದಿರಿ ಎಂದು ಕೇಳಿದಳು. ನಾನೇ ಎಂದೆ. ಅದೊಂದು ಮಾತು ಖರೇ ಇತ್ತು. ಜುಬೇದಾ ಅವತ್ತು ನನ್ನ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿದಳು.

ಐದನೆಯ ದಿನ ನರ್ಸಬಾಯಿ ಚೀಟಿ ಹಿಡಿದು ಬಂದಳು. ಕಫದಲ್ಲಿ ಟಿ.ಬಿ. ಹುಳ ಸಿಕ್ಕಿವೆ, ಬಹಳ ಸಿಕ್ಕಿವೆ, ದಿನಾ ಸೂಜಿ, ವರ್ಷದವರೆಗೆ ಗುಳಿಗೆ ಎಂದಳು. ಜುಬೇದಾ ಗೋಡೆಗೆ ಆತುಕೊಂಡವಳು ಹಾಗೆಯೇ ಕೆಳಗೆ ಕುಸಿದಳು. ನರ್ಸಬಾಯಿ ಸೂಜಿ ತೆಗೆದು ಮುನ್ನಿಯನ್ನು ಹತ್ತಿರ ಕರೆದಳು. ನಾನು ಕೂಸನ್ನು ಹಿಂದಕ್ಕೆ ಎಳೆದುಕೊಂಡೆ.

"ಬಾಯಾರ, ತಡೀರಿ. ಡಬ್ಬಿಯಾಗ ಇದ್ದದ್ದು ಕೂಸಿಂದಲ್ಲ. ನಂದು."

ಆಕೆ ಬೈದ ಬೈಗುಳ ಇಲ್ಲಿ ಬೇಡ, ಎಲ್ಲವೂ ನನಗೆ ಸಲ್ಲತಕ್ಕವೇ. ಬೈಯುತ್ತ ಬೈಯುತ್ತ ತಟ್ಟನೆ ನಿಲ್ಲಿಸಿ ನನ್ನ ಮುಖ ನೋಡಿದಳು. "ಅಜ್ಜಾರ, ನೀವು ಎಷ್ಟು ದಿನದಿಂದ ಕೆಮ್ಮಾಕತ್ತೀರಿ?"

"ಬ್ಯಾಡಗಿಯವ ನಾ, ಹುಟ್ಟಿದಾಗಿಂದರಿ" ಎಂದೆ. ಯಾರೂ ನಗಲಿಲ್ಲ.

ಮರುದಿನ ಹಾವೇರಿಯಲ್ಲಿ ಆ ಕೊಳವೆ ಇಳಿದೇ ಇಳಿಯಿತು. ರಫೀಕ ಕೂಸನ್ನು ಹಿಡಿದಿದ್ದ, ನಾನು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದೆ. ಒಳಗಿನಿಂದ ಅವಳು ಅಮ್ಮಿ ಎಂದು ಕೂಗಲಿಲ್ಲ, ದಾದಾ ಎಂದು ಕೂಗಿದಳು. ಕೆಲವು ದಿನಕ್ಕೆ ಅವಳದ್ದರಲ್ಲೂ ಹುಳ ಸಿಕ್ಕವು ಎಂಬ ಚೀಟಿ ಬಂತು, ಮತ್ತೆ ಎಲ್ಲರೂ ಹಾವೇರಿಗೆ ಹೋದೆವು. ಸಣ್ಣ ಕೂಸುಗಳಿಗೆ ಇದು ಹೆಚ್ಚಾಗಿ ಮನೆಯ ದೊಡ್ಡವರಿಂದಲೇ ಬರುತ್ತದೆ ಎಂದು ಡಾಕ್ಟರು ನೆಲ ನೋಡುತ್ತ ಹೇಳಿದರು, ಒಳ್ಳೆಯ ಮನುಷ್ಯ. ಬಸ್ಸಿನಲ್ಲಿ ಬರುವಾಗ ನನ್ನಾಕೆಗೆ, ಹಾಗಾದರೆ ರಫೀಕನ ಮೊದಲಿನ ಕೂಸು ಕೂಡ, ಎಂದು ಶುರು ಮಾಡಿದೆ. ಆಕೆ ಕಿಟಕಿಯ ಕಡೆಯೇ ಮುಖ ಇಟ್ಟುಕೊಂಡು, "ಆ ಮಾತು ನಾ ತಗದಿಲ್ಲ. ನೀವೂ ತಗೀಬ್ಯಾಡ್ರಿ" ಎಂದಳು. ಅವತ್ತಿನಿಂದ ತೆಗೆದಿಲ್ಲ. ತೆಗೆಯದಿದ್ದರೇನು, ಅದು ತಾನೇ ಬಂದು ಮಗ್ಗುಲಲ್ಲಿ ಕೂರುತ್ತದೆ.

ನನಗೂ ಕೂಸಿಗೂ ಸೂಜಿ, ಗುಳಿಗೆ ಶುರುವಾದವು. ಜುಬೇದಾ ಕೂಸನ್ನು ಕರೆದುಕೊಂಡು ಎರಡು ತಿಂಗಳು ರಾಣೆಬೆನ್ನೂರಿನ ತವರಿಗೆ ಹೋದಳು. ನನಗೆ ಒಂದು ಕೆಟ್ಟ ಮಾತು ಆಡಲಿಲ್ಲ, ಆಡಿದ್ದರೆ ಹಗುರಾಗುತ್ತಿತ್ತು. ರವಿವಾರಕ್ಕೊಮ್ಮೆ ನಾನು ಬಸ್ಸು ಹತ್ತಿ ಹೋಗಿ, ಬಾಯಿಗೆ ಟಾವೆಲ್ ಕಟ್ಟಿಕೊಂಡು, ಬೀಗರ ಮನೆಯ ಎದುರು ರಸ್ತೆಯ ಆಚೆ ನಿಲ್ಲುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ನಾನು ಭಿಕ್ಷೆಗೆ ಬಂದವನೆಂದು ರೊಟ್ಟಿ ತಂದು ಕೊಟ್ಟಳು, ತಿಂದೆ. ಮುನ್ನಿ ಹೊಸ್ತಿಲಲ್ಲಿ ನಿಂತು ನನ್ನನ್ನು ನೋಡಿ ಖಾಕ್ ಅನ್ನುತ್ತಿದ್ದಳು. ಆಮೇಲೆ ನನ್ನ ಪಾಳಿಗೆ ಕಾಯುತ್ತಿದ್ದಳು. ನಾನು ತಲೆ ಅಲ್ಲಾಡಿಸಿದರೆ, ದಾದಾ ನನ್ನ ಮೇಲೆ ಸಿಟ್ಟಾಗಿದ್ದಾನೆ ಎಂದು ಅಳುತ್ತ ಒಳಗೆ ಹೋಗುತ್ತಿದ್ದಳು.

ಅವರು ತಿರುಗಿ ಬಂದಾಗ ನರ್ಸಬಾಯಿ, ಇನ್ನು ನಿಮ್ಮಿಂದ ಯಾರಿಗೂ ಹತ್ತುವುದಿಲ್ಲ, ಕೂಡಿ ಉಣ್ಣಿರಿ ಎಂದಳು. ನಮ್ಮಲ್ಲಿ ಒಂದೇ ದೊಡ್ಡ ತಾಟಿನ ಸುತ್ತ ಕುಳಿತು ಉಣ್ಣುವ ರೂಢಿ. ನಾನು ಕೂರಲಿಲ್ಲ. ಬೇರೆ ಗಂಗಾಳ ಇಟ್ಟುಕೊಂಡು ಬಾಗಿಲ ಹತ್ತಿರ ಕುಳಿತೆ, ಮುನ್ನಿ ತನ್ನ ಬಟ್ಟಲು ಹಿಡಿದು ಬಂದರೆ ಹೋಗ, ಆಚೆ ಹೋಗ ಎಂದು ಅಟ್ಟಿದೆ. ನನ್ನಾಕೆಯ ಮಾತನ್ನು ಕೇಳದೆ ಒಂದು ಸಲ ಕೆಟ್ಟವನು, ಈಗ ನರ್ಸಬಾಯಿಯ ಮಾತನ್ನೂ ನಂಬದೆ ಹತ್ತು ತಿಂಗಳು ಕಳೆದೆ.

ಇವತ್ತು ಸಂಜೆ ಜುಬೇದಾ ಆ ಗಂಗಾಳವನ್ನು ತಾನೇ ಎತ್ತಿ ಒಳಗಿಟ್ಟಳು. "ಅಬ್ಬಾಜಾನ್, ಇಲ್ಲಿ ಕುಂದ್ರಿ" ಎಂದು ಮುನ್ನಿಯ ಮಗ್ಗುಲನ್ನು ತೋರಿಸಿದಳು. ಅನ್ನ, ಮಟನ್ ಸಾರು. ಕುಳಿತೆ. ಮೊದಲೆಲ್ಲ ಮುನ್ನಿ ನನ್ನ ಕೈಯಿಂದಲ್ಲದೆ ಉಣ್ಣುತ್ತಿರಲಿಲ್ಲ. ಒಂದು ತುಂಡನ್ನು ಎಲುಬು ಬಿಡಿಸಿ, ಅನ್ನ ಕಲಸಿ, ಊದದೆ ಆರಿಸಿ, ತುತ್ತು ಮಾಡಿ ಅವಳ ಬಾಯಿಯ ಹತ್ತಿರ ಒಯ್ದೆ. ಅವಳು ಮುಖ ಆಚೆ ತಿರುಗಿಸಿದಳು.

"ನಾ ಕೈಲೆ ತಿಂತೇನಿ, ದಾದಾ. ನಿಂದು ನೀ ತಿನ್ನು."

ತಿಂದಳು ಕೂಡ, ಒಂದು ಅಗುಳೂ ಚೆಲ್ಲದೆ. ಯಾವಾಗ ಕಲಿತಳೋ, ಬಾಗಿಲಲ್ಲಿ ಕುಳಿತವನಿಗೆ ಕಾಣಲಿಲ್ಲ. ನಾಲ್ಕೂ ಜನ ನನ್ನ ಕೈಯನ್ನೇ ನೋಡುತ್ತಿದ್ದರು, ತುತ್ತನ್ನು ನನ್ನ ಬಾಯಿಗೇ ಹಾಕಿಕೊಂಡೆ. ಕಣ್ಣಿಗೆ ಏನು ಕಾರಣ ಹೇಳುವುದೆಂದು ತಿಳಿಯದೆ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದೆ. ಎಲ್ಲರೂ ಮತ್ತೊಮ್ಮೆ ಬಾಯಿಗಿಟ್ಟು ನೋಡಿ, ಸರಿಯಾಗಿದೆ ಎಂದರು. ಕಫದ ವಿಷಯದಲ್ಲಿ ಸುಳ್ಳು ಹೇಳಿದವನನ್ನು ಉಪ್ಪಿನ ವಿಷಯದಲ್ಲಿ ಯಾರು ನಂಬುತ್ತಾರೆ. ಮುನ್ನಿ ನನ್ನ ಕಡೆಯ ಅನ್ನಕ್ಕೂ ಕೈ ಹಾಕಿದಳು, ನಾನು ಅಟ್ಟಲಿಲ್ಲ. ತಾಟು ಖಾಲಿಯಾಗುವವರೆಗೆ ಐದೂ ಜನ ಉಂಡೆವು.