ಎಮ್ಮೆಬಂಡೆ ಮತ್ತು ಜೋಪಾನಪ್ಪನ ನಿದ್ದೆ

ಇಷ್ಟಕ್ಕೆಲ್ಲ ಕಾರಣ ನಿದ್ದೆ.

ಕಲ್ಲು ಕ್ವಾರಿಯಲ್ಲಿ ಬಂಡೆಗೆ ಕುಳಿ ಹೊಡೆಯುವ ಗಾಳಿಯಂತ್ರ ನಡೆಸುತ್ತಿದ್ದ ಜೋಪಾನಪ್ಪನಿಗೆ ಬರುವ ಸೋಮವಾರದಿಂದ ರಾತ್ರಿ ಪಾಳಿ ಬಿದ್ದಿತ್ತು. ರಾತ್ರಿಯೆಲ್ಲ ದುಡಿದವನು ಹಗಲು ಮಲಗಬೇಕು. ಅವನು ಹಗಲು ಮಲಗಬೇಕೆಂದರೆ ಅವನ ಕೋಣೆಯ ಕಿಟಕಿಯ ಎದುರಿಗೇ ಬಿದ್ದಿದ್ದ ಎಮ್ಮೆಬಂಡೆ ಅಲ್ಲಿರಬಾರದು.

ಮಾತಿಗೊಮ್ಮೆ "ಜೋಪಾನ" ಎನ್ನುವ ಚಾಳಿಯಿಂದ ಅವನಿಗೆ ಈ ಹೆಸರು ಅಂಟಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹೆಂಡತಿಗೂ ಮರೆತುಹೋಗಿತ್ತೇನೋ. ಹೇಗೂ ಅವಳು ಕರೆಯುತ್ತಿದ್ದದ್ದು "ರೀ" ಎಂದೇ.

ಎಮ್ಮೆಬಂಡೆ ಎಂದರೆ ಸೊಂಟದೆತ್ತರದ, ಮಂಚಕ್ಕಿಂತ ಉದ್ದದ ಉರುಟು ಕಲ್ಲು. ಯಾವ ಕಾಲದಲ್ಲೋ ರಸ್ತೆ ಮಾಡಿದವರು ಉರುಳಿಸಿಕೊಂಡು ಬಂದು, ಸಾಕಾಗಿ, ಎರಡೂ ಪಕ್ಕಕ್ಕೆ ಸಣ್ಣ ಕಲ್ಲುಗಳ ಅಡೆ ಕೊಟ್ಟು ಬಿಟ್ಟುಹೋಗಿದ್ದರು. ಬೆನ್ನು ಉಬ್ಬಿದ್ದರಿಂದ ಅದರ ಮೇಲೆ ಮೂರು ಜನ ಕೂತರೆ ನಾಲ್ಕನೆಯವರು ಜಾರುತ್ತಿದ್ದರು. ಆದರೆ ಆ ಮೂವರೇ ಸಾಕಾಗಿತ್ತು. ನಿವೃತ್ತ ಮೇಷ್ಟ್ರು, ಎದುರುಮನೆ ಟೈಲರ್, ಮಹಡಿ ಮನೆ ಅಜ್ಜಿ. ಬೆಳಗ್ಗೆ ಪೇಪರಿನಿಂದ ಶುರುವಾದ ಮಾತು ಮಧ್ಯಾಹ್ನ ಊಟದ ಹೊತ್ತಿಗೆ ಮುಗಿದರೆ ಪುಣ್ಯ. ನಡುವೆ ಗಂಟಲು ಒಣಗಿದಾಗ ಜೋಪಾನಪ್ಪನ ಕಿಟಕಿ ತಟ್ಟಿ ನೀರು ಕೇಳುತ್ತಿದ್ದರು.

ಫೋರ್ಮನ್ ಆಗಲೇ ಎಚ್ಚರಿಸಿದ್ದರು. "ನೋಡಪ್ಪ, ನಿದ್ದೆಗಣ್ಣಲ್ಲಿ ಮಿಷನ್ ಹಿಡಿದ್ರೆ ಕೈ ಹೋಗುತ್ತೆ, ಇಲ್ಲ ಕಾಲು ಹೋಗುತ್ತೆ. ನೀನು ಒಂದ್ಸಲ ತೂಕಡಿಸಿದ್ದು ಕಂಡ್ರೂ ಮಿಷನ್ ಕಿತ್ಕೊಂಡು ಜಲ್ಲಿ ಹೊರೋಕೆ ಹಾಕ್ತೀನಿ."

ಜೋಪಾನಪ್ಪನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಬೇರೆಯವರಿಗೆ ಅವನೂ ಅದನ್ನೇ ಹೇಳುತ್ತಿದ್ದ. ಆದರೆ ಯಂತ್ರ ಹೋದರೆ ತನ್ನ ಮರ್ಯಾದೆಯೂ ಅದರ ಹಿಂದೆಯೇ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಫೋರ್ಮನ್ ಕಾಲು ಕೈ ಹಿಡಿದು ಒಂದು ಭಾನುವಾರದ ಮಟ್ಟಿಗೆ ಯಂತ್ರವನ್ನೂ ಅದಕ್ಕೆ ಗಾಳಿ ಒದಗಿಸುವ ಕಂಪ್ರೆಸರನ್ನೂ ಕೇಳಿ ತಂದ.

"ಕತ್ತಲಾಗೋದ್ರೊಳಗೆ ನಾನೇ ಬಂದು ಎಳ್ಕೊಂಡು ಹೋಗ್ತೀನಿ" ಎಂದಿದ್ದರು ಫೋರ್ಮನ್.

"ಕತ್ತಲ್ಯಾಕೆ ಸಾರ್, ಮಧ್ಯಾಹ್ನಕ್ಕೇ ಮುಗಿಸಿರ್ತೀನಿ" ಎಂದಿದ್ದ ಇವನು.

ಅವನ ಲೆಕ್ಕ ಸರಳವಾಗಿತ್ತು. ಬಂಡೆಯ ಬೆನ್ನ ಮೇಲೆ ಉದ್ದಕ್ಕೆ ಸಾಲಾಗಿ ಕುಳಿ ಹೊಡೆದು, ಬೆಣೆ ಬಡಿದು ಒಂದು ಸೀಳು. ಆಮೇಲೆ ಅಡ್ಡಕ್ಕೆ ಎರಡು ಸೀಳು. ತುಂಡುಗಳು ಟ್ರ್ಯಾಕ್ಟರಿಗೆ.

"ಊಟದ ಹೊತ್ತಿಗೆ ಬಂಡೆ ಇರಲ್ಲ ನೋಡು" ಎಂದ ಹೆಂಡತಿಗೆ.

"ಬಂಡೆ ಇರಲ್ಲ ರೀ, ಮೇಷ್ಟ್ರು ಇರ್ತಾರಲ್ಲ" ಎಂದಳು ಅವಳು.

ಬೀದಿಯವರಿಗೆ ಮಾತ್ರ ಬೇರೆ ಕಾರಣ ಹೇಳಿದ್ದ. ಈ ಬಂಡೆಯಿಂದ ಆಂಬುಲೆನ್ಸ್ ತಿರುಗಿಸೋಕೆ ಜಾಗವಿಲ್ಲ, ನಾಳೆ ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಗತಿ ಏನು?

"ಅದು ಸರಿ ಕಣಪ್ಪ, ನಾವು ಕೂರೋದೆಲ್ಲಿ?" ಎಂದರು ಅಜ್ಜಿ.

"ಪಾರ್ಕಲ್ಲಿ ಬೆಂಚಿದೆಯಲ್ಲ ಅಜ್ಜಿ."

"ಅಲ್ಲಿ ನೀರು ಕೊಡೋ ಕಿಟಕಿ ಇಲ್ವಲ್ಲ" ಎಂದು ಮೇಷ್ಟ್ರು ಅನುಮಾನದಿಂದ ಅವನ ಮುಖ ನೋಡಿದರು. ಜೋಪಾನಪ್ಪ ಆಕಾಶ ನೋಡಿದ.

ಭಾನುವಾರ ಬೆಳಗ್ಗೆ ಅವನು ಬೂಟು, ಕನ್ನಡಕ, ಕಿವಿಮುಚ್ಚಳ ಹಾಕಿಕೊಂಡು ಮದುವೆ ಗಂಡಿನ ಗತ್ತಿನಲ್ಲಿ ಹೊರಗೆ ಬಂದ. ಬಂಡೆಯ ಸುತ್ತ ಹಗ್ಗ ಕಟ್ಟಿಸಿದ. ಎರಡೂ ಕಡೆ ಹಲಗೆಯ ಅಟ್ಟಣೆ ಹಾಕಿಸಿದ, ಉರುಟು ಕಲ್ಲಿನ ಮೇಲೆ ನಿಂತು ಯಂತ್ರ ಹಿಡಿಯುವುದು ಅವನ ಜಾಯಮಾನವಲ್ಲ. ಸಹಾಯಕ್ಕೆ ಬಂದಿದ್ದ ಹೆಂಡತಿಯ ತಮ್ಮ ರಬ್ಬರ್ ಪೈಪನ್ನು ನೇರವಾಗಿ ಯಂತ್ರಕ್ಕೆ ಸಿಕ್ಕಿಸಲು ಹೋದ.

"ತಾಳು! ಮೊದಲು ಪೈಪನ್ನ ಗಾಳಿಯಲ್ಲಿ ಊದಿಸ್ಬೇಕು. ಒಳಗಿರೋ ಮಣ್ಣು ಮಿಷನ್ ಹೊಟ್ಟೆಗೆ ಹೋದ್ರೆ ಅದರ ಕತೆ ಮುಗೀತು. ಬಾಯಿ ಯಾರ ಕಡೆಗೂ ತಿರುಗಿರಬಾರದು. ಜೋಪಾನ!"

"ಆ ಕಡೆ ಯಾರೂ ಇಲ್ಲ ಭಾವ."

ಆ ಕಡೆ ಯಾರೂ ಇರಲಿಲ್ಲ, ನಿಜ. ಟೈಲರ್ ಇಸ್ತ್ರಿ ಮಾಡಿ ತೂಗುಹಾಕಿದ್ದ ಬಿಳಿ ಅಂಗಿಗಳಿದ್ದವು. ವಾರದಿಂದ ಪೈಪಿನಲ್ಲಿ ಕೂತಿದ್ದ ಕ್ವಾರಿಯ ಧೂಳೆಲ್ಲ ಒಂದೇ ಉಸಿರಿಗೆ ಅವುಗಳ ಮೇಲೆ ಹೋಗಿ ಕೂತಿತು.

ಟೈಲರ್ ಬಾಯಿ ಬಡಿದುಕೊಂಡ. "ನಾಳೆ ಡೆಲಿವರಿ ಕಣಯ್ಯಾ! ಆಂಬುಲೆನ್ಸ್ ನನಗೇ ಬೇಕಾಗುತ್ತೆ ಈಗ!" ಕೊನೆಗೆ ಭಾವ, ಭಾವಮೈದ ಇಬ್ಬರೂ ಅಂಗಿಗಳನ್ನು ಒಗೆದು, ಹಿಂಡಿ, ಒಣಹಾಕುವವರೆಗೆ ಟೈಲರ್ ಕಂಪ್ರೆಸರಿನ ಮುಂದೆ ಕೂತವನು ಏಳಲಿಲ್ಲ.

"ಪರವಾಗಿಲ್ಲ, ಇನ್ನೂ ಹೊತ್ತಿದೆ" ಎಂದ ಜೋಪಾನಪ್ಪ, ಅಲ್ಲಾಡದ ಧೈರ್ಯದಿಂದ.

ಯಂತ್ರಕ್ಕೆ ಎಣ್ಣೆ ಉಣಿಸಲು ಪೈಪಿನ ನಡುವೆ ಒಂದು ಡಬ್ಬಿ ಇರುತ್ತದೆ. ಗಾಳಿ ಹೋಗುವಾಗ ಅದರಿಂದ ಹನಿ ಹನಿ ಎಣ್ಣೆ ಎಳೆದುಕೊಂಡು ಹೋಗಿ ಒಳಗಿನ ಭಾಗಗಳಿಗೆ ಸವರುತ್ತದೆ. ಡಬ್ಬಿ ತೆರೆದು ನೋಡಿದರೆ ತಳ ಕಾಣುತ್ತಿತ್ತು. ಎಣ್ಣೆಯ ಕ್ಯಾನು ಕ್ವಾರಿಯಲ್ಲೇ ಉಳಿದಿತ್ತು.

"ಇಷ್ಟೇ ತಾನೇ? ನನ್ನ ಹತ್ರ ತಲೆಗೆ ಹಚ್ಚೋ ಎಣ್ಣೆ ಇದೆ, ಘಮಘಮ ಅನ್ನುತ್ತೆ" ಎಂದರು ಅಜ್ಜಿ.

"ಬೇಡ ಅಜ್ಜಿ. ಇದಕ್ಕೆ ಇದರದ್ದೇ ಎಣ್ಣೆ ಆಗಬೇಕು."

ಭಾವಮೈದ ಬೈಕು ಹತ್ತಿ ಕ್ವಾರಿಗೆ ಓಡಿದ. ಜೋಪಾನಪ್ಪ ತಿಂಡಿಗೆ ಒಳಗೆ ಹೋದ. ಬಾಯಿಲ್ಲದ ಯಂತ್ರ ಒಣಗಿ ಬಿದ್ದಿರುವುದನ್ನು ಕಂಡು ಅಜ್ಜಿಗೆ ಕರುಳು ಚುರುಕ್ ಎಂದಿತು. ಭಾವಮೈದ ಬರುವಷ್ಟರಲ್ಲಿ ಡಬ್ಬಿ ತುಂಬಿತ್ತು. ಜೋಪಾನಪ್ಪ ಅದನ್ನು ಭಾವಮೈದನೇ ತುಂಬಿಸಿದ್ದೆಂದುಕೊಂಡ. ಭಾವಮೈದ ಭಾವನೇ ತುಂಬಿಸಿದ್ದೆಂದುಕೊಂಡ.

ಯಂತ್ರ ಶುರುವಾಯಿತು. ಜೋಪಾನಪ್ಪ ಅರ್ಧ ಗಾಳಿಯಲ್ಲಿ ನಿಧಾನವಾಗಿ ಕೊರೆಯುವ ರಾಡಿನ ತುದಿ ಕಲ್ಲಿಗೆ ಕೂರಿಸಿ, ಕುಳಿಗೆ ಬಾಯಿ ಬಂದಮೇಲೆ ಪೂರ್ತಿ ಗಾಳಿ ಬಿಟ್ಟ. ಧೂಳೇಳದಂತೆ ಭಾವಮೈದ ಕುಳಿಗೆ ನೀರು ಹನಿಸುತ್ತಿದ್ದ. ಆಗ ಯಂತ್ರದಿಂದ ಮಲ್ಲಿಗೆಯ ಪರಿಮಳ ಹೊರಟಿತು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ಮೂಗರಳಿಸಿದರು. ಪಕ್ಕದ ಬೀದಿಯವರೂ ಬಂದರು. ಯಂತ್ರ ಮಾತ್ರ ಆಕಳಿಸುತ್ತ, ಮುಗ್ಗರಿಸುತ್ತ, ಮೂರನೆಯ ಕುಳಿಯಲ್ಲಿ ನಿಂತೇಹೋಯಿತು.

"ಅಜ್ಜೀ..." ಎಂದ ಜೋಪಾನಪ್ಪ, ಅಳುವಂತಾಗಿ.

"ತಂಪಾಗಿರಲಿ ಅಂತ ಹಾಕ್ದೆ ಕಣೋ" ಎಂದರು ಅಜ್ಜಿ.

ಯಂತ್ರ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸರಿಯಾದ ಎಣ್ಣೆ ಹಾಕಿ ಜೋಡಿಸುವಷ್ಟರಲ್ಲಿ ಊಟದ ಹೊತ್ತೂ ದಾಟಿತು. ಆದರೂ ಅವನು ಎದೆಗುಂದಲಿಲ್ಲ. ಕುಳಿ ಹೊಡೆಯತೊಡಗಿದ. ನೂಲು ಕಟ್ಟಿ, ಗೆರೆ ಎಳೆದು, ಒಂದರ ಪಕ್ಕ ಒಂದು, ಎಲ್ಲವೂ ನೆಟ್ಟಗೆ.

"ಒಡೆದು ಬಿಸಾಡೋ ಕಲ್ಲಿಗೆ ಇಷ್ಟು ನಾಜೂಕು ಯಾಕ್ರೀ?" ಎಂದಳು ಹೆಂಡತಿ.

"ಕೆಲಸ ಅಂದ್ಮೇಲೆ ಕೆಲಸ. ನಾನು ಹೊಡೆದ ಗೆರೆ ಸೊಟ್ಟ ಅಂತ ಇವತ್ತಿನವರೆಗೆ ಒಬ್ಬರೂ ಅಂದಿಲ್ಲ."

ಇಷ್ಟರಲ್ಲಿ ಯಂತ್ರ ಥಟ್ಟನೆ ಸತ್ತಿತು. ಗಾಳಿಯೇ ಬರುತ್ತಿಲ್ಲ. ಕಂಪ್ರೆಸರ್ ಗುಡುಗುಡು ಎನ್ನುತ್ತಲೇ ಇತ್ತು. ಪೈಪಿನಲ್ಲೇನೋ ಸಿಕ್ಕಿಕೊಂಡಿದೆ ಎಂದುಕೊಂಡ ಜೋಪಾನಪ್ಪ ಯಂತ್ರದ ಹಿಡಿ ಒತ್ತಿ ಉಳಿದ ಗಾಳಿಯನ್ನೆಲ್ಲ ಬಿಟ್ಟು, ಪೈಪು ಬಿಚ್ಚಿದ. ಕೊಂಡಿ ಕಳಚಿದರೂ ಪೈಪು ಓಡಿಹೋಗದಂತೆ ಯಂತ್ರಕ್ಕೂ ಪೈಪಿಗೂ ಬಿಗಿದಿದ್ದ ಸರಪಳಿಯನ್ನು ಮಾತ್ರ ಬಿಚ್ಚಲಿಲ್ಲ. ಅದೇ ಹೊತ್ತಿಗೆ ಕಂಪ್ರೆಸರಿನ ಬಳಿ ಮೇಷ್ಟ್ರು, "ಸರಿ ಮಗಳೇ, ಇಡ್ತೀನಿ" ಎಂದು ಫೋನ್ ಜೇಬಿಗಿಟ್ಟು, ಶಬ್ದ ಕಡಿಮೆಯಾಗಲೆಂದು ತಾವೇ ಮುಚ್ಚಿದ್ದ ಗಾಳಿಯ ತಿರುಪನ್ನು ಪೂರ್ತಿ ತಿರುಗಿಸಿದರು.

ಪೈಪು ಹೆಡೆಯೆತ್ತಿ ಬುಸ್ಸೆಂದಿತು. ಮೇಲಕ್ಕೆ ಜಿಗಿಯಿತು. ಸರಪಳಿ ಖಣಿಲ್ ಎಂದು ಅದನ್ನು ಹಿಡಿದೆಳೆದು ನೆಲಕ್ಕೆ ಕೆಡವಿತು. ಜೋಪಾನಪ್ಪನ ಮುಖಕ್ಕೂ ಪೈಪಿನ ಬಾಯಿಗೂ ನಡುವೆ ಒಂದು ಗೇಣಿತ್ತು. ಅವನಿಗೆ ನಿಜಕ್ಕೂ ಭಯವಾಯಿತು. ತಿರುಪು ಮುಚ್ಚಿ ಕಾವಲಿಗೆ ಒಬ್ಬರನ್ನು ನಿಲ್ಲಿಸದೆ ಪೈಪು ಬಿಚ್ಚಿದ್ದು ತನ್ನದೇ ತಪ್ಪೆಂದು ಅವನು ಮನಸ್ಸಿನಲ್ಲಿ ತನ್ನನ್ನೇ ಬೈದುಕೊಂಡ.

"ನಿಮಗೆ ಕೈಮುಗೀತೀನಿ ಮೇಷ್ಟ್ರೇ, ದೂರ ಬನ್ನಿ" ಎಂದು, ತಿರುಪಿನ ಪಕ್ಕ ಹೆಂಡತಿಯನ್ನು ಕೂರಿಸಿದ. "ನಾನು ಹೇಳದೆ ದೇವರೇ ಬಂದ್ರೂ ಮುಟ್ಟೋಕೆ ಬಿಡ್ಬೇಡ."

ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂತಳು. ಆಮೇಲೆ ಯಾರೂ ಹತ್ತಿರ ಸುಳಿಯಲಿಲ್ಲ.

ಕುಳಿಗಳು ಮುಗಿದಾಗ ಹೊತ್ತು ಇಳಿಯುತ್ತಿತ್ತು. ಜನರನ್ನು ಹಗ್ಗದಾಚೆ ಅಟ್ಟಿ, ಅಟ್ಟಣೆ ತೆಗೆಸಿ, ಬೆಣೆಗಳನ್ನು ಕೂರಿಸಿ, ತಾನು ಬಂಡೆಯ ತಲೆಯ ಕಡೆ ನಿಂತು ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದಕ್ಕೂ ಸರದಿಯಂತೆ ಬಡಿಯತೊಡಗಿದ. ಟಣ್, ಟಣ್ ಎನ್ನುತ್ತಿದ್ದ ಸದ್ದು ಮೆಲ್ಲಗೆ ದಪ್ಪಗಾಯಿತು. ಬೆನ್ನುದ್ದಕ್ಕೂ ಕೂದಲಿನಂಥ ಗೆರೆ ಮೂಡಿತು. ಎಮ್ಮೆಬಂಡೆ ಒಮ್ಮೆ ನರಳಿ, ತೆಂಗಿನಕಾಯಿಯಂತೆ ಸರಿಯಾಗಿ ಎರಡು ಹೋಳಾಗಿ, ಒಂದು ಹೋಳು ಈ ಕಡೆಗೂ ಇನ್ನೊಂದು ಆ ಕಡೆಗೂ ನಿಧಾನವಾಗಿ ಹೊರಳಿ ಬೆನ್ನಡಿಯಾಗಿ ಮಲಗಿತು. ಒಬ್ಬರಿಗೂ ಒಂದು ಚೂರು ತಾಗಲಿಲ್ಲ.

ಜೋಪಾನಪ್ಪನ ಎದೆ ಉಬ್ಬಿತು. ಹಣೆ ಒರೆಸಿಕೊಂಡು ಕಣ್ಣು ಬಿಟ್ಟು ನೋಡಿದ. ಕೊಯ್ದಂತೆ ನುಣುಪಾದ, ಚಪ್ಪಟೆಯಾದ ಎರಡು ಮುಖಗಳು ಆಕಾಶ ನೋಡುತ್ತಿದ್ದವು. ಮೊಣಕಾಲೆತ್ತರ. ಮಂಚಕ್ಕಿಂತ ಉದ್ದ. ಎದುರುಬದುರು.

ಮೊದಲು ಅಜ್ಜಿ ಹಗ್ಗದಡಿ ತೂರಿ ಬಂದು, ಕಲ್ಲನ್ನು ಸೆರಗಿನಿಂದ ಒರೆಸಿ, ಕೂತು ನೋಡಿದರು. ಜಾರಲಿಲ್ಲ. ಕಾಲು ಮಡಚಿಯೂ ನೋಡಿದರು.

"ಅಯ್ಯೋ ನನ್ನಪ್ಪ!" ಎಂದರು ಅಜ್ಜಿ. "ಎಷ್ಟು ಚೆನ್ನಾಗಿ ಮಾಡ್ಕೊಟ್ಟಿದೀಯೋ!"

ಟೈಲರ್ ಕೂತ. ಭಾವಮೈದ ಕೂತ. ಮಲ್ಲಿಗೆಯ ಪರಿಮಳಕ್ಕೆ ಬಂದಿದ್ದ ಪಕ್ಕದ ಬೀದಿಯವರೂ ಕೂತರು. ಮೇಷ್ಟ್ರು ಒಮ್ಮೆ ಕೂತು ನೋಡಿ, ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಆಂಬುಲೆನ್ಸು ಗಿಂಬುಲೆನ್ಸು ಅಂತ ಹೇಳಿ ನಮ್ಮನ್ನ ಇಲ್ಲಿಂದ ಓಡಿಸೋಕೆ ಹೊರಟಿದಾನೆ ಅಂದ್ಕೊಂಡಿದ್ದೆ. ತಪ್ಪಾಯ್ತಪ್ಪ. ಹೇಳ್ದೇ ಕೇಳ್ದೇ ಒಳ್ಳೇದು ಮಾಡೋರು ನಿನ್ನಂಥೋರು." ಅವರ ಕಣ್ಣಲ್ಲಿ ನೀರಿತ್ತು.

ಜೋಪಾನಪ್ಪ ಯಂತ್ರದ ಕಡೆ ಓಡಿದ. ಅಡ್ಡಕ್ಕೆ ಎರಡು ಸೀಳು ಬಾಕಿಯಿದ್ದವಲ್ಲ! ಅಷ್ಟರಲ್ಲಿ ಬೀದಿಯ ದೀಪ ಹತ್ತಿತು, ಫೋರ್ಮನ್ ಗಾಡಿ ಬಂದು ನಿಂತಿತು.

"ಸಾರ್, ಇನ್ನೊಂದೇ ಒಂದು ಗಂಟೆ ಸಾರ್. ಅಡ್ಡಕ್ಕೆ ಸೀಳ್ಬೇಕು."

"ಅಡ್ಡಕ್ಕೆ ಯಾಕೋ? ಮುಟ್ಟು ನೋಡೋಣ!" ಎಂದರು ಅಜ್ಜಿ ಕೂತಲ್ಲಿಂದಲೇ.

ಫೋರ್ಮನ್ ಕಲ್ಲಿನ ಮೇಲೆ ಕೈಯಾಡಿಸಿದರು. "ಏನು ಗೆರೆಯಯ್ಯಾ ಇದು! ನಿನ್ನಂಥ ಕೈ ಇಡೀ ಕ್ವಾರೀಲಿ ಇನ್ನೊಂದಿಲ್ಲ. ನಾಳೆ ರಾತ್ರಿ ಪಾಳಿ, ನೆನಪಿದೆ ತಾನೇ? ಚೆನ್ನಾಗಿ ನಿದ್ದೆ ಮಾಡ್ಕೊಂಡು ಬಾ." ಕಂಪ್ರೆಸರನ್ನು ಗಾಡಿಗೆ ಕಟ್ಟಿಸಿದರು. ಹೊರಡುವ ಮುಂಚೆ ಒಂದು ನಿಮಿಷ ಎಂದು ಮೇಷ್ಟ್ರ ಪಕ್ಕ ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ.

ಜೋಪಾನಪ್ಪ ಒಳಗೆ ಬಂದು, ಕಿವಿಮುಚ್ಚಳವನ್ನು ತೆಗೆಯದೆ ಹಾಗೇ ಮಂಚದ ಮೇಲೆ ಬಿದ್ದುಕೊಂಡ. ಹೊರಗೆ ಎರಡು ಸಾಲು ಜನ ಎದುರುಬದುರು ಕೂತು ನಗುತ್ತಿದ್ದರು. ಮುಚ್ಚಳದೊಳಗೂ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕಿಟಕಿ ತಟ್ಟಿದ ಸದ್ದಾಯಿತು.

ಎದ್ದು ತೆರೆದ. ಸರಳುಗಳ ಆಚೆ ಲೆಕ್ಕವಿಲ್ಲದಷ್ಟು ಕೈಗಳಿದ್ದವು. ಒಂದು ಫೋರ್ಮನ್ನರದು.

"ನೀರು ಕೊಡಪ್ಪ ಸ್ವಲ್ಪ" ಎಂದರು ಮೇಷ್ಟ್ರು.

ಜೋಪಾನಪ್ಪ ಒಂದು ನಿಟ್ಟುಸಿರು ಬಿಟ್ಟು, ಅಡಿಗೆಮನೆಯಿಂದ ಕೊಡವನ್ನೇ ತಂದಿಟ್ಟುಕೊಂಡು, ಮೊದಲ ಲೋಟವನ್ನು ಸರಳಿನ ಸಂದಿಯಲ್ಲಿ ಚಾಚಿದ.

"ಜೋಪಾನ, ತುಂಬಿದೆ" ಎಂದ.